ಗಾಜಿನ ಮೇಲಿನ ಬರಹ: ವಿಸ್ಸರ್ ಸೋದರಿಯರು

ಹದಿನೇಳನೆಯ ಶತಮಾನದ ಹಾಲೆಂಡಿನ ಕಲೆಯೆಂದೊಡನೆ ರೆಂಬ್ರಾಂಟನ ವರ್ಣಚಿತ್ರಗಳು ನೆನಪಿಗೆ ಬರುತ್ತವೆ. ಅದೇ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನ ಸೋದರಿಯರಿಬ್ಬರು ಪಾನಪಾತ್ರೆಗಳ ಮೇಲೆ ವಜ್ರದ ಮೊನೆಯಿಂದ ಕೊರೆದ ಅಕ್ಷರಗಳನ್ನೂ ಹೂಬಳ್ಳಿಗಳನ್ನೂ ಸ್ತ್ರೀಯರ ಕಾಲಕ್ಷೇಪವೆಂದು ಬಗೆದು ಮುಂದೆ ಸಾಗುವುದು ವಾಡಿಕೆ. ಅದು ಅಲಂಕಾರಕ್ಕಿಂತ ಮಿಗಿಲಾಗಿ ಸಾಹಿತ್ಯವ್ಯವಹಾರವಾಗಿತ್ತೆಂದು ನನ್ನ ಅಭಿಪ್ರಾಯ.

ಇವರ ತಂದೆ ರೂಮರ್ ವಿಸ್ಸರ್ ಧಾನ್ಯದ ವ್ಯಾಪಾರಿ, ಕವಿಯೂ ಹೌದು. ಹಸುರು ಗಾಜಿನ, ದಪ್ಪ ಕಾಲಿನ ಪಾನಪಾತ್ರೆಗೂ ಆ ನಾಡಿನಲ್ಲಿ 'ರೂಮರ್' ಎಂದೇ ಹೆಸರಿರುವುದು ಒಂದು ವಿನೋದ. 1593ರ ಕ್ರಿಸ್ಮಸ್ ಹಿಂದಿನ ದಿನ ಟೆಸೆಲ್ ದ್ವೀಪದ ಬಳಿ ಬಿರುಗಾಳಿಗೆ ಆತನ ಹಡಗುಗಳು ಮುಳುಗಿದವು. ಮೂರು ತಿಂಗಳ ತರುವಾಯ ಹುಟ್ಟಿದ ಮಗಳಿಗೆ ಆತ 'ಟೆಸೆಲಿನ ನಷ್ಟ' ಎಂಬರ್ಥದ ಟೆಸೆಲ್‌ಸ್ಖಾಡ ಎಂಬ ಹೆಸರನ್ನಿಟ್ಟನು. ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡವರನ್ನು ಬ್ಯಾಂಕಿನ ನೌಕರನಾದ ನಾನು ಬಹಳ ಕಂಡಿದ್ದೇನೆ. ಮಗಳ ಹೆಸರಿನಲ್ಲಿ ಬರೆದವನು ಇವನೊಬ್ಬನೇ!

ಚಕ್ರದಿಂದ ಗಾಜನ್ನು ಕೆತ್ತಲು ಯಂತ್ರ ಬೇಕು, ಕಾರ್ಯಾಗಾರ ಬೇಕು. ವಜ್ರದ ಮೊನೆಗಾದರೋ ಕಿಟಕಿಯ ಬೆಳಕು, ಒಂದು ಮೇಜು, ನಡುಗದ ಕೈ ಇಷ್ಟೇ ಸಾಕು. ಹಿಡಿಗೆ ಕೂರಿಸಿದ ವಜ್ರದ ಚೂರನ್ನು ಲೇಖನಿಯಂತೆ ಹಿಡಿದು ಗೀಚಿದರೆ ಬಿಳಿಯ ಗೆರೆ ಮೂಡುತ್ತದೆ. ತಪ್ಪಿದ ಗೆರೆಯನ್ನು ಅಳಿಸುವಂತಿಲ್ಲ. ಆ ಕಾಲದಲ್ಲಿ ಯುರೋಪಿಗೆ ವಜ್ರಗಳು ಬಹುಮಟ್ಟಿಗೆ ಭಾರತದಿಂದಲೇ, ವಿಶೇಷವಾಗಿ ಕೃಷ್ಣಾ ಕಣಿವೆಯ ಗಣಿಗಳಿಂದ ಹೋಗುತ್ತಿದ್ದವು.

ಹಿರಿಯ ಸೋದರಿ ಆನಾ 1619ರಲ್ಲಿ ಒಂದು ಪಾತ್ರೆಯ ಮೇಲೆ ಕವಿ ಕಾನ್‌ಸ್ಟಾಂಟೀನ್ ಹೈಗನ್ಸನಿಗೆ ಅರ್ಪಣೆಯನ್ನು ಕೊರೆದು ತನ್ನ ಹೆಸರನ್ನೂ ಇಸವಿಯನ್ನೂ ಹಾಕಿದಳು. (ಭೌತವಿಜ್ಞಾನಿ ಹೈಗನ್ಸನು ಈತನ ಮಗ.) 1621ರ ಇನ್ನೊಂದರಲ್ಲಿ ಹೂಗಳ, ಕೀಟಗಳ ನಡುವೆ ಇಟಾಲಿಯನ್ ಪದ್ಯವಿದೆ. ಬರಿಯ ಅಲಂಕಾರಕ್ಕೆ ಅಂಕಿತವೇಕೆ, ಸಂಬೋಧನೆಯೇಕೆ? ವಿಶ್ವವಿದ್ಯಾಲಯದ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದಿತು. 1636ರಲ್ಲಿ ಉಟ್ರೆಕ್ಟಿನಲ್ಲಿ ಪಾಠ ಕೇಳಲು ಅನುಮತಿ ಪಡೆದ ಆನಾ ಮರಿಯಾ ವಾನ್ ಸ್ಖೂರ್ಮನ್ ಕೂಡ ಮರೆಯಲ್ಲಿ ಕುಳಿತೇ ಕೇಳಬೇಕಾಯಿತು. ಆಕೆಯೂ ಗಾಜಿನ ಮೇಲೆ ಕೊರೆಯಬಲ್ಲವಳಾಗಿದ್ದಳು. ಕವಿಗಳ ಕೈಯಿಂದ ಕೈಗೆ ಸಾಗುವ ಕಾಣಿಕೆಯ ಪಾತ್ರೆಗೆ ಅಂಥ ಮರೆಯಿರಲಿಲ್ಲ.

ಟೆಸೆಲ್‌ಸ್ಖಾಡಳು ಇಟಲಿಯ ಕವಿ ಟಾಸೋನ ಮಹಾಕಾವ್ಯವನ್ನು ಡಚ್ಚಿಗೆ ತರಲು ಬಹುವರ್ಷ ಶ್ರಮಿಸಿದಳು. ಆ ಅನುವಾದ ಅಚ್ಚಾಗಲಿಲ್ಲ, ಅಲ್ಪಾಂಶವನ್ನುಳಿದು ಕಳೆದುಹೋಯಿತು. ಅವಳದೆಂದು ಹೇಳಲಾಗುವ, 'ಸ್ನೇಹಿತರನ್ನು ನಾನು ಕಾಣುವುದು ಹೀಗೆ' ಎಂಬರ್ಥದ ಲ್ಯಾಟಿನ್ ಸಾಲನ್ನು ಕೊರೆದ ಪಾತ್ರೆಯಾದರೋ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ವಸ್ತುಸಂಗ್ರಹಾಲಯದಲ್ಲಿದೆ.