ಹಳ್ಳಿ ಮನೆಗೆ ಫೈಬರ್: ಪ್ಲಾನ್ ನೋಡುವ ಮೊದಲು ಲೈನ್ ನೋಡಿ

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಗೆಳೆಯರಿಂದ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಒಂದೇ: ‘ಮನೆಗೆ ಫೈಬರ್ ಹಾಕಿಸ್ಬೇಕು ಮಾರಾಯ. ಬಿಎಸ್‌ಎನ್‌ಎಲ್ ಒಳ್ಳೇದಾ, ಕೇಬಲ್‌ನವರದ್ದು ಒಳ್ಳೇದಾ?’ ಇಂಜಿನಿಯರಿಂಗ್ ಓದಿದವನಿಗೆ ಇದು ಗೊತ್ತಿರಲೇಬೇಕು ಅನ್ನೋದು ಅವರ ನಂಬಿಕೆ. ನಾನು ಪ್ರತಿ ಸಲ ಹೇಳುವ ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ. ಬೆಂಗಳೂರು ಬಿಟ್ಟು ಊರಿನಿಂದಲೇ ಕೆಲಸ ಮಾಡುತ್ತಿರುವವರಿಗೆ, ಮಕ್ಕಳ ಆನ್‌ಲೈನ್ ಕ್ಲಾಸು ಇರುವವರಿಗೆ, ಊರಲ್ಲಿ ಅಪ್ಪ-ಅಮ್ಮ ಇಬ್ಬರೇ ಇರುವವರಿಗೆ ಈ ಆಯ್ಕೆ ಸಣ್ಣದಲ್ಲ. ಮೂರು ದಿನ ನೆಟ್ ಹೋದರೆ ಒಂದು ಸಂಬಳ, ಒಂದು ಇಂಟರ್‌ವ್ಯೂ ಕೈತಪ್ಪಬಹುದು.

ಪೇಟೆಯಲ್ಲಿ ಒಂದೇ ಬೀದಿಗೆ ನಾಲ್ಕು ಕಂಪನಿಗಳ ಕೇಬಲ್ ಬಂದಿರುತ್ತೆ. ಹಾಗಾಗಿ ದರ, ಸ್ಪೀಡು, ಓಟಿಟಿ ಆಫರ್ ಹೋಲಿಸಿ ಆರಿಸಬಹುದು. ಹಳ್ಳಿಯಲ್ಲಿ ಸಾಮಾನ್ಯವಾಗಿ ಎರಡು ಆಯ್ಕೆ ಇದ್ದರೆ ಅದೇ ಪುಣ್ಯ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಲೈನ್ ಕಟ್ ಆದರೆ ಯಾರು, ಎಷ್ಟು ಹೊತ್ತಿಗೆ ಬಂದು ಜೋಡಿಸ್ತಾರೆ? ಸ್ಪೀಡು, ದರ ಆಮೇಲಿನ ಮಾತು.

ಬಿಲ್ ಯಾರದು, ಏಣಿ ಯಾರದು

ಬಿಎಸ್‌ಎನ್‌ಎಲ್ ಫೈಬರನ್ನು ಹಲವು ಕಡೆ ಮನೆಗೆ ತಲುಪಿಸುವುದು ಆದಾಯ ಹಂಚಿಕೆ ಮೇಲೆ ಕೆಲಸ ಮಾಡುವ ಸ್ಥಳೀಯ ಪಾಲುದಾರರು. ಟಿವಿ ಕೇಬಲ್‌ನವರು ಕೂಡ ದೊಡ್ಡ ಕಂಪನಿಯೊಂದರ ಫ್ರಾಂಚೈಸಿ ಆಗಿರಬಹುದು. ಇಂಟರ್ನೆಟ್ ಸೇವೆಗೆ ದೂರಸಂಪರ್ಕ ಇಲಾಖೆ ಮೂರು ದರ್ಜೆಯ ಪರವಾನಗಿ ಕೊಡುತ್ತದೆ: ಇಡೀ ದೇಶಕ್ಕೆ ಎ, ಒಂದು ಟೆಲಿಕಾಂ ವೃತ್ತಕ್ಕೆ ಬಿ, ಅದಕ್ಕಿಂತ ಸಣ್ಣ ಪ್ರದೇಶಕ್ಕೆ ಸಿ. ನಿಮ್ಮ ಬಿಲ್ಲಿನಲ್ಲಿ ಪರವಾನಗಿ ಇರುವ ಕಂಪನಿಯ ಹೆಸರು ಇರಲೇಬೇಕು. ಬರೀ ಚೀಟಿಯಲ್ಲಿ ಹಣ ಬರೆದು ಕೊಡುವವರಾದರೆ ನಾಳೆ ದೂರು ಕೊಡಲು ವಿಳಾಸವೇ ಇರೋದಿಲ್ಲ.

ಜೊತೆಗೆ ಈ ಮೂರನ್ನು ವಿಚಾರಿಸಿ. ಲೈನ್ ನೋಡಿಕೊಳ್ಳುವ ಹುಡುಗರು ಎಷ್ಟು ಜನ? ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಮಷಿನ್ ಅವರದೇ ಇದೆಯಾ, ತಾಲ್ಲೂಕು ಕೇಂದ್ರದಿಂದ ತರಿಸಬೇಕಾ? ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯಲ್ಲಿ ಎಷ್ಟು ದಿನ ನೆಟ್ ಇರಲಿಲ್ಲ? ಮೂರನೆಯದಕ್ಕೆ ಉತ್ತರ ಪಕ್ಕದ ಮನೆಯವರಿಂದಲೇ ಪಡೆಯಿರಿ, ಕನೆಕ್ಷನ್ ಮಾರುವವರಿಂದ ಬೇಡ.

ಕೇಬಲ್ ಬಂದ ದಾರಿ

ಮುಖ್ಯ ಕೇಬಲ್ ನೆಲದಡಿ ಬಂದಿದೆಯೋ, ಕಂಬದ ಮೇಲೋ ನೋಡಿ. ಕಂಬದ ಮೇಲಿದ್ದರೆ ಗಾಳಿಗೆ ಬೀಳುವ ಮರವೇ ಶತ್ರು. ನೆಲದಡಿ ಇದ್ದರೆ ರಸ್ತೆ ಅಗಲೀಕರಣಕ್ಕೆ, ನೀರಿನ ಪೈಪಿಗೆ ಅಗೆಯುವ ಜೆಸಿಬಿ. ವಿದ್ಯುತ್ ಕಂಬಕ್ಕೆ ಅನುಮತಿ ಇಲ್ಲದೆ ಕಟ್ಟಿದ ಕೇಬಲನ್ನು ಯಾವಾಗ ಬೇಕಾದರೂ ತೆಗೆಸಬಹುದು ಅನ್ನೋದೂ ನೆನಪಿರಲಿ.

ಇನ್ನೊಂದು ವಿಷಯ, ಕೇಬಲ್ ಒಂದೇ ದಿಕ್ಕಿನಿಂದ ಬರುತ್ತಾ, ಎರಡು ಕಡೆಯಿಂದ ಬಂದು ಉಂಗುರದಂತೆ ಕೂಡುತ್ತಾ ಎಂಬುದು. ಉಂಗುರವಾದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ನೆಟ್ ಹರಿಯುತ್ತೆ. ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ತಲುಪಿಸುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಮುಂದೆ ಅದೇ ಭಾರತ್‌ನೆಟ್ ಆಯಿತು. ಅದರ ಮೊದಲ ಹಂತಗಳಲ್ಲಿ ಹೆಚ್ಚಾಗಿ ಎಳೆದದ್ದು ಒಂಟಿ ದಾರಿಯ ಕೇಬಲ್. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಸಂಪುಟ ಒಪ್ಪಿದಾಗ ಉಂಗುರದ ಮಾದರಿಗೆ ಬದಲಾಯಿಸಲು ನಿರ್ಧರಿಸಲಾಯಿತು. ಪಂಚಾಯ್ತಿ ಕಚೇರಿಗೆ ಫೈಬರ್ ಬಂದಿದೆ ಅಂದರೆ ನಿಮ್ಮ ಮನೆಗೆ ಬಂದಿದೆ ಅಂತಲ್ಲ. ಅಲ್ಲಿಂದ ತೋಟದ ಒಂಟಿ ಮನೆವರೆಗಿನ ಒಂದೆರಡು ಕಿಲೋಮೀಟರೇ ನಿಜವಾದ ಸಮಸ್ಯೆ.

ಹಂಚಿಕೊಳ್ಳುವ ಪೈಪು

ಮನೆಗಳಿಗೆ ಬರುವ ಫೈಬರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜಿಪಾನ್ ತಂತ್ರಜ್ಞಾನ. ಇದರಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು ಸ್ಪ್ಲಿಟರ್ ಇಟ್ಟು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 64 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ಒಬ್ಬೊಬ್ಬರಿಗೆ ಸಿಗೋದು ಸುಮಾರು 39 ಎಂಬಿಪಿಎಸ್. ಹಾಗೆ ಎಲ್ಲರೂ ಒಟ್ಟಿಗೆ ಎಳೆಯೋದು ಅಪರೂಪ. ಸಂಜೆ ಏಳರ ಮೇಲೆ ನೆಟ್ ಕುಂಟಿದರೆ ಹೆಚ್ಚಿನ ಸಲ ಕಾರಣ ಬೇರೆ: ಆಪರೇಟರ್ ತನ್ನ ಊರಿಂದ ಮೇಲಕ್ಕೆ ಖರೀದಿಸಿದ ಒಟ್ಟು ಸಾಮರ್ಥ್ಯವೇ ಕಮ್ಮಿ ಇರುತ್ತೆ. ಆದ್ದರಿಂದ ಸ್ಪೀಡ್ ಟೆಸ್ಟನ್ನು ರಾತ್ರಿ ಎಂಟು ಗಂಟೆಗೆ, ಈಗಾಗಲೇ ಕನೆಕ್ಷನ್ ಇರುವವರ ಮನೆಯಲ್ಲಿ, ಲ್ಯಾಪ್‌ಟಾಪಿಗೆ ವೈರ್ ಹಾಕಿ ಮಾಡಿ ನೋಡಿ. ವೈಫೈಯಲ್ಲಿ ಮಾಡಿದರೆ ಗೋಡೆಗಳ ತಪ್ಪು ಕಂಪನಿಯ ತಲೆಗೆ ಬರುತ್ತೆ.

ವಿಡಿಯೋ ಮೀಟಿಂಗಿಗೆ ಎರಡೂ ದಿಕ್ಕಿನಲ್ಲಿ 4 ಎಂಬಿಪಿಎಸ್ ಇದ್ದರೆ ಧಾರಾಳ. ಇಬ್ಬರು ಕೆಲಸ ಮಾಡುವ, ಒಬ್ಬರು ಟಿವಿ ನೋಡುವ ಮನೆಗೆ ಕಡಿಯದೆ ಬರುವ 50 ಸಾಕು. ಆಗಾಗ ಹೋಗುವ 200ಕ್ಕೆ ಹಣ ಸುರಿಯಬೇಡಿ.

ಕರೆಂಟು ಮತ್ತು ಬೆಳಕು

ಫೈಬರಿನ ಗಾಜಿಗೆ ಕರೆಂಟು ಬೇಡ, ಆದರೆ ಎರಡು ತುದಿಯ ಪೆಟ್ಟಿಗೆಗಳಿಗೆ ಬೇಕು. ನಿಮ್ಮ ಮನೆಯ ಪೆಟ್ಟಿಗೆಗೆ (ಜನ ಮೋಡೆಮ್ ಅನ್ನೋದು) ಸಾಮಾನ್ಯವಾಗಿ 12 ವೋಲ್ಟ್ ಸಾಕು. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ ಅದಕ್ಕೆ ಹೊಂದುವ ಸಣ್ಣ ಯುಪಿಎಸ್ ಕೊಂಡರೆ ಕೆಲವು ಗಂಟೆ ಓಡುತ್ತೆ. ಆದರೆ ಇನ್ನೊಂದು ತುದಿಯ ಪೆಟ್ಟಿಗೆ, ಅಂದರೆ ಓಎಲ್‌ಟಿ, ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನಲ್ಲೋ ಆಪರೇಟರ್ ಅಂಗಡಿಯಲ್ಲೋ ಇರುತ್ತೆ. ಅದಕ್ಕೆ ಬ್ಯಾಟರಿ ಎಷ್ಟು ಗಂಟೆ ಬರುತ್ತೆ ಅಂತ ಕೇಳಿ. ಅಲ್ಲಿ ಕತ್ತಲಾದರೆ ನಿಮ್ಮ ಯುಪಿಎಸ್ ಇದ್ದೂ ಉಪಯೋಗವಿಲ್ಲ.

ಗಾಜಿನಲ್ಲಿ ಸಿಡಿಲು ಹರಿಯದು. ಆದರೆ ಮನೆಗೆ ಎಳೆಯುವ ಡ್ರಾಪ್ ವೈರಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರಬಹುದು. ಕರೆಂಟಿನ ಪ್ಲಗ್ ಅಂತೂ ಇದ್ದೇ ಇದೆ. ಗುಡುಗು ಶುರುವಾದರೆ ಪ್ಲಗ್ ತೆಗೆಯಿರಿ.

ಕನೆಕ್ಷನ್ ಕೊಟ್ಟ ದಿನ ಮನೆಗೆ ಬರುವ ಬೆಳಕಿನ ಬಲ ಎಷ್ಟು ಡಿಬಿಎಂ ಎಂದು ಮೀಟರ್ ಇಟ್ಟು ತೋರಿಸಲು ಹೇಳಿ, ಬರೆದಿಟ್ಟುಕೊಳ್ಳಿ. ಮೈನಸ್ 27ರ ಆಸುಪಾಸು ಬಂದರೆ ಪೆಟ್ಟಿಗೆ ಹಿಡಿಯುವ ಗಡಿಯಲ್ಲಿದೆ ಎಂದರ್ಥ. ಮೈನಸ್ 20ರ ಹತ್ತಿರವಿದ್ದರೆ ನಿಶ್ಚಿಂತೆ. ಪ್ರತಿ 3 ಡಿಬಿ ಇಳಿದಾಗ ಬೆಳಕು ಅರ್ಧವಾಗುತ್ತೆ. ಒಂದೆರಡು ಕೆಟ್ಟ ಜಾಯಿಂಟ್, ಬಿಗಿಯಾಗಿ ಬಾಗಿಸಿ ಮೊಳೆ ಹೊಡೆದ ವೈರು ಸಾಕು, ಲೈನ್ ಗಡಿಗೆ ಬರೋಕೆ. ಮುಂದೆ ತೊಂದರೆಯಾದಾಗ ‘ಅವತ್ತು ಮೈನಸ್ 19 ಇತ್ತು, ಇವತ್ತು 26’ ಅಂದರೆ ಯಾರೂ ವಾದ ಮಾಡಲಾರರು.

ಎಲ್‌ಓಎಸ್ ಎಂಬ ದೀಪ ಕೆಂಪಾದರೆ ಫೈಬರ್ ಕಡಿದಿದೆ ಅಥವಾ ಬೆಳಕು ಬರುತ್ತಿಲ್ಲ. ಪಾನ್ ದೀಪ ಸ್ಥಿರವಾಗಿ ಹಸಿರಿದ್ದೂ ನೆಟ್ ಇಲ್ಲದಿದ್ದರೆ ತೊಂದರೆ ಮೇಲಿನ ಲೈನಿನಲ್ಲೋ ಖಾತೆಯಲ್ಲೋ ಇದೆ. ಫೋನಿನಲ್ಲಿ ಇದನ್ನು ಹೇಳಿದರೆ ಅರ್ಧ ದಿನ ಉಳಿಯುತ್ತೆ.

ಹಣ, ಕಾಗದ, ದೂರು

ಜಾಹೀರಾತಿನ ದರಕ್ಕೆ 18 ಶೇಕಡ ಜಿಎಸ್‌ಟಿ ಸೇರಿಸಿ: 500 ಅಂದರೆ 590. ಡ್ರಾಪ್ ವೈರಿಗೆ ಎಷ್ಟು ಮೀಟರ್ ಉಚಿತ, ಆಮೇಲೆ ಮೀಟರಿಗೆ ಎಷ್ಟು, ಪೆಟ್ಟಿಗೆ ನಿಮ್ಮದೋ ಬಾಡಿಗೆಯದೋ, ಡೆಪಾಸಿಟ್ ವಾಪಸ್ ಬರುತ್ತಾ — ಎಲ್ಲ ಬರಹದಲ್ಲಿರಲಿ. ಒಂದು ಮಳೆಗಾಲ ದಾಟುವವರೆಗೆ ವರ್ಷದ ಹಣ ಮುಂಗಡ ಕಟ್ಟಬೇಡಿ. ಅಕ್ಕಪಕ್ಕದ ಏಳೆಂಟು ಮನೆಯವರು ಒಟ್ಟಾಗಿ ಕೇಳಿದರೆ ದೂರದ ಲೈನ್ ಎಳೆಯಲು ಆಪರೇಟರಿಗೂ ಲೆಕ್ಕ ಗಿಟ್ಟುತ್ತೆ.

ದೂರನ್ನು ಬಾಯಿಮಾತಲ್ಲಿ ಬಿಡಬೇಡಿ. ಕಂಪನಿಯ ಕಾಲ್‌ಸೆಂಟರಿನಲ್ಲಿ ದಾಖಲಿಸಿ ಡಾಕೆಟ್ ನಂಬರ್ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರು ಬಗೆಹರಿಸುವುದಿಲ್ಲ. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕ ಆಯೋಗ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಫೈಬರ್ ಬಾರದ ಕಡೆ 2023ರಿಂದ ಜಿಯೋ, ಏರ್‌ಟೆಲ್‌ನ ಏರ್‌ಫೈಬರ್ ಇದೆ. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಟವರಿನ ಸಿಗ್ನಲ್. ಗುಡ್ಡ ಅಡ್ಡ ಇದ್ದರೆ ಕಷ್ಟ, ಟವರಿಗೆ ಕರೆಂಟು ಹೋದರೆ ಅದೂ ಹೋಗುತ್ತೆ. ಬೇರೆ ದಾರಿಯಿಂದ ಬರುವ ಸಂಪರ್ಕ ಅನ್ನೋ ಕಾರಣಕ್ಕೆ ಎರಡನೆಯದಾಗಿ ಇಟ್ಟುಕೊಳ್ಳಲು ಒಳ್ಳೆಯದು.

2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಲಾಯಿತು. ಹಳ್ಳಿಯವರು ಅನುಭವಿಸುವ ಕೊರತೆ ಆ ಅಂಕಿಯಲ್ಲಿ ಕಾಣೋದಿಲ್ಲ. ವರ್ಷಕ್ಕೆ ಎಷ್ಟು ಗಂಟೆ ನೆಟ್ ಇರಲಿಲ್ಲ ಅನ್ನೋದನ್ನು ಊರೂರಿಗೂ ಲೆಕ್ಕ ಹಾಕಿ ಪ್ರಕಟಿಸುವವರೆಗೆ ಆ ಲೆಕ್ಕವನ್ನು ನೀವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಂದಿನ ವರ್ಷ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನೋದಕ್ಕೆ ಅದೇ ಸಾಕ್ಷಿ.