ಕೆರೆಗೊಡಗೆಯೂ ಕರಪರಿಹಾರವೂ

ನೀರು, ನೆಲ, ಕಾಡುಗಳ ರಕ್ಷಣೆಗಾಗಿ ಭೂಮಿಯನ್ನಾಗಲಿ ಧನವನ್ನಾಗಲಿ ವಿನಿಯೋಗಿಸಿದವರಿಗೆ ರಾಜ್ಯವು ತೆರಿಗೆಯನ್ನು ಬಿಟ್ಟುಕೊಡುವುದು ಪಾಶ್ಚಾತ್ಯ ದೇಶಗಳಲ್ಲಿ ಈಚೆಗೆ ಹುಟ್ಟಿದ ಪದ್ಧತಿಯೆಂದು ಅನೇಕರು ಭಾವಿಸಿರುವರು. ನೀರಿನ ಮಟ್ಟಿಗಾದರೂ ಈ ಭಾವನೆಯು ಸರಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನೂ ಕನ್ನಡನಾಡಿನ ಶಿಲಾಶಾಸನಗಳನ್ನೂ ಜೊತೆಯಲ್ಲಿಟ್ಟು ಪರಿಶೀಲಿಸಿದರೆ, ಈ ನೀತಿಯು ಭರತಖಂಡದಲ್ಲಿ ಬಹು ಪ್ರಾಚೀನವಾದುದೆಂದು ವಿದಿತವಾಗುತ್ತದೆ. ಅದರ ಗುಣದೋಷಗಳ ವಿವೇಚನೆಗೂ ಅಲ್ಲಿಯೇ ಆಧಾರವು ದೊರೆಯುತ್ತದೆ.

ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಈ ವಿಷಯವು ಬರುತ್ತದೆ. ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿಸಿದವನಿಗೆ 5 ವರ್ಷ, ಒಡೆದು ಪಾಳುಬಿದ್ದುದನ್ನು ಉದ್ಧರಿಸಿದವನಿಗೆ 4 ವರ್ಷ, ಗಿಡಗಂಟಿ ಬೆಳೆದು ಮುಚ್ಚಿದುದನ್ನು ಶುದ್ಧಮಾಡಿದವನಿಗೆ 3 ವರ್ಷ ತೆರಿಗೆಯಿಲ್ಲ. ಇದಕ್ಕೆ ಕೌಟಿಲ್ಯನಿಟ್ಟ ಹೆಸರು ‘ಪರಿಹಾರ’. ಈಗಿನ ಕನ್ನಡದಲ್ಲಿ ನಷ್ಟಕ್ಕೆ ಕೊಡುವ ಹಣವೆಂಬ ಅರ್ಥದಲ್ಲಿ ರೂಢವಾಗಿರುವ ಈ ಶಬ್ದವು ಅಲ್ಲಿ ಕರವಿಮೋಚನೆಯನ್ನೇ ಹೇಳುತ್ತದೆ. ವಿಪತ್ಕಾಲವನ್ನುಳಿದು 5 ವರ್ಷ ಕೆಲಸ ನಿಂತ ಕಟ್ಟೆಯ ಸ್ವಾಮ್ಯವು ಲೋಪವಾಗುವುದೆಂದೂ, ದುರಸ್ತಿಮಾಡದವನಿಗೆ ಆದ ನಷ್ಟದ ಇಮ್ಮಡಿ ದಂಡವೆಂದೂ ಅದೇ ಪ್ರಕರಣದಲ್ಲಿ ವಿಧಿಸಿದೆ. ಆದುದರಿಂದ ಕೌಟಿಲ್ಯನ ಪರಿಹಾರವು ಕಾರ್ಯಕ್ಕೆ ಸಲ್ಲುವುದೇ ಹೊರತು ವ್ಯಕ್ತಿಗಲ್ಲ, ಅವಧಿಯುಳ್ಳದ್ದು, ಉಪೇಕ್ಷೆಗೆ ಶಿಕ್ಷೆಯನ್ನು ಬೆನ್ನಿಗಿಟ್ಟುಕೊಂಡದ್ದು.

ಕನ್ನಡನಾಡಿನ ಪದ್ಧತಿಯು ಬೇರೊಂದು ಬಗೆಯದು. ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ, ದಶವಂದ ಎಂಬ ಶಬ್ದಗಳು ಪದೇ ಪದೇ ದೊರೆಯುತ್ತವೆ. ಬಿತ್ತುವಟ್ಟವು ಗಂಗ ನೊಳಂಬರ ಕಾಲದ ಶಾಸನಗಳಲ್ಲಿಯೇ ಉಂಟು. ‘ಕೊಡಗೆ’ ಎಂಬುದು ‘ಕೊಡು’ ಧಾತುವಿನಿಂದ ಬಂದುದು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಜೀರ್ಣೋದ್ಧಾರಮಾಡಿ ಕಾಪಾಡುವವನಿಗೆ ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಗೋ ಬಿಟ್ಟ ಭೂಮಿಯೇ ಕೆರೆಗೊಡಗೆ. ದಶವಂದವೆಂಬ ಹೆಸರಿನಲ್ಲಿ ಹತ್ತರಲ್ಲೊಂದು ಪಾಲಿನ ಲೆಕ್ಕವು ಅಡಗಿದೆ. ಈ ಭೂಮಿಗಳು ಸಾಮಾನ್ಯವಾಗಿ ಆ ಕೆರೆಯ ಕೆಳಗಣ ಗದ್ದೆಗಳೇ ಆಗಿರುವುದು ಗಮನಾರ್ಹವಾದುದು. ಕೆರೆ ತುಂಬಿದರೆ ಮಾನ್ಯವು ಫಲಿಸುವುದು, ಕೆರೆ ಬತ್ತಿದರೆ ಮಾನ್ಯವೂ ಒಣಗುವುದು. ದಾನಿಯ ಸ್ವಾರ್ಥವನ್ನೂ ಊರಿನ ಹಿತವನ್ನೂ ಒಂದೇ ತೂಬಿಗೆ ಕಟ್ಟಿದ ಯುಕ್ತಿಯಿದು.

ಕೌಟಿಲ್ಯನು ವರ್ಷಗಳನ್ನೆಣಿಸಿದಲ್ಲಿ ಶಾಸನಗಳು ‘ಆಚಂದ್ರಾರ್ಕ’ವೆನ್ನುತ್ತವೆ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಕೆರೆಯು ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವ ವಸ್ತುವಲ್ಲ. ವರ್ಷವರ್ಷವೂ ಹೂಳು ತುಂಬುವುದು, ಏರಿ ಕುಸಿಯುವುದು, ತೂಬು ಕಟ್ಟಿಕೊಳ್ಳುವುದು, ಕೋಡಿ ಕೊಚ್ಚುವುದು. ನಿರಂತರವಾದ ಕಾರ್ಯಕ್ಕೆ ನಿರಂತರವಾದ ವೃತ್ತಿಯು ಬೇಕು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಬರೆಯಿಸಿದ ಪೊರುಮಾಮಿಳ್ಳದ ಸಂಸ್ಕೃತ ಶಾಸನದಲ್ಲಿ ಅನಂತರಾಜಸಾಗರವೆಂಬ ಕೆರೆಗೆ ದಿನಕ್ಕೆ 1000 ಆಳುಗಳೂ 100 ಬಂಡಿಗಳೂ 2 ವರ್ಷ ದುಡಿದ ಸಂಗತಿಯಿದೆ. ಉತ್ತಮ ತಟಾಕದ 12 ಅಂಗಗಳನ್ನೂ 6 ದೋಷಗಳನ್ನೂ ಅಲ್ಲಿಯೇ ಹೇಳಿದೆ. ಇಷ್ಟು ಶ್ರಮದ ಫಲವನ್ನು ಉಳಿಸಿಕೊಳ್ಳಲು ಐದಾರು ವರ್ಷದ ರಿಯಾಯಿತಿಯು ಸಾಲದೆಂಬುದು ನಿರ್ವಿವಾದ.

ಆದರೆ ಶಾಶ್ವತವಾದ ಮಾನ್ಯದಲ್ಲಿಯೇ ದೋಷದ ಬೀಜವೂ ಇತ್ತು. ದಾನಶಾಸನಗಳ ಕೊನೆಯ ಶಾಪವಾಕ್ಯವನ್ನು ಗಮನಿಸಬೇಕು. ತಾನಿತ್ತುದನ್ನಾಗಲಿ ಪರರಿತ್ತುದನ್ನಾಗಲಿ ಅಪಹರಿಸಿದವನು 60,000 ವರ್ಷ ಕ್ರಿಮಿಯಾಗಿ ಹುಟ್ಟುವನೆಂಬುದು ಅದರ ರೂಢಿಯ ತಾತ್ಪರ್ಯ. ಈ ಭಯವು ಭೂಮಿಯನ್ನು ಕಿತ್ತುಕೊಳ್ಳುವ ಅರಸನಿಗೆ. ಭೂಮಿಯನ್ನು ಉಣ್ಣುತ್ತ ಕೆರೆಯನ್ನು ಮರೆತವನಿಗೆ ಆ ವಾಕ್ಯದಲ್ಲಿ ಶಾಪವಿಲ್ಲ. ದಾನಕ್ಕೆ ಕಾವಲಿತ್ತು, ದಾನದ ಉದ್ದೇಶಕ್ಕೆ ಅಷ್ಟೇ ಬಲವಾದ ಕಾವಲಿರಲಿಲ್ಲ. ಭೂಮಿಯು ತಲೆಮಾರುಗಳಲ್ಲಿ ಪಾಲಾದಂತೆ, ಹೂಳೆತ್ತುವ ಹೊಣೆಯು ಯಾರದೂ ಅಲ್ಲದಂತಾಗಲು ಅವಕಾಶವಾಯಿತು. ಹಳೆಯ ಮೈಸೂರು ಸೀಮೆಯಲ್ಲಿ 1954 ಮತ್ತು 1955ರ ಕಾನೂನುಗಳಿಂದ ಇನಾಮು ಪದ್ಧತಿಯೇ ರದ್ದಾಯಿತು.

ಇದೇ ದೋಷವು ದೂರದೇಶದಲ್ಲಿಯೂ ಕಾಣಿಸಿಕೊಂಡಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಭೂಮಿಯಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ಶಾಶ್ವತವಾಗಿ ತ್ಯಾಗಮಾಡಿ ಕಾಡುಮೇಡುಗಳನ್ನು ಉಳಿಸಿದವರಿಗೆ ಆದಾಯತೆರಿಗೆಯಲ್ಲಿ ಕಡಿತವನ್ನು 1976ರ ಕಾನೂನು ಅನುಗ್ರಹಿಸಿತು. 1980ರಲ್ಲಿ ಅದು ಸ್ಥಿರವಾಯಿತು. ಕಾಲಾಂತರದಲ್ಲಿ ಹಣವಂತರು ಕೂಟ ಕಟ್ಟಿಕೊಂಡು, ಅಗ್ಗದ ಭೂಮಿಗೆ ಅತಿಯಾದ ಬೆಲೆ ಬರೆಯಿಸಿ ಕಡಿತ ಪಡೆಯತೊಡಗಿದರು. ಇಂಥ ಕೂಟಗಳು ಹಾಕಿದ ಬಂಡವಾಳದ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಕಡಿತ ಕೇಳಿದರೆ ಅದು ಸಲ್ಲದೆಂದು 2022ರಲ್ಲಿ ಕಟ್ಟುಮಾಡಬೇಕಾಯಿತು.

ಒಟ್ಟಿನಲ್ಲಿ, ಕೌಟಿಲ್ಯನಲ್ಲಿ ಪರೀಕ್ಷೆಯುಂಟು, ಚಿರಕಾಲತೆಯಿಲ್ಲ. ಕೊಡಗೆಯಲ್ಲಿ ಚಿರಕಾಲತೆಯುಂಟು, ಪರೀಕ್ಷೆಯು ದುರ್ಬಲ. ತಟಾಕವನ್ನೂ ವನವನ್ನೂ ಸಪ್ತಸಂತಾನಗಳಲ್ಲಿ ಎಣಿಸಿದ ಪೂರ್ವಿಕರು ಅವನ್ನು ಮಕ್ಕಳಂತೆ ಕಂಡರು. ಮಗುವನ್ನು ಹೆತ್ತುದಕ್ಕಾಗಿ ಮಾತ್ರವಲ್ಲ, ಸಾಕುತ್ತಿರುವುದಕ್ಕಾಗಿ ಮನ್ನಣೆ ಸಲ್ಲಬೇಕು. ಮಾನ್ಯವಿರುವುದು ಕೆರೆಗಾಗಿಯೇ, ಹೂಳು ತುಂಬಿದ ಕೆರೆಯ ದಡದಲ್ಲಿ ಉಳಿದ ಕೊಡಗೆಯ ಕಲ್ಲು ದಾನಕ್ಕೆ ಸಾಕ್ಷಿಯಾದೀತೇ ಹೊರತು ಧರ್ಮಕ್ಕಲ್ಲ.