ಬ್ರೇಕ್ ಬೂಸ್ಟರ್ ಸೋರಿಕೆ
ಲಘು ಡೀಸೆಲ್ ಟ್ರಕ್ಕುಗಳಲ್ಲಿ ಬ್ರೇಕ್ ಪೆಡಲಿಗೆ ನೆರವಾಗುವ ಬೂಸ್ಟರಿನಲ್ಲಿ ವ್ಯಾಕ್ಯೂಮ್ ಕುಗ್ಗುವ ದೋಷ. ಡೀಸೆಲ್ ಎಂಜಿನ್ನು ಸಾಕಷ್ಟು ವ್ಯಾಕ್ಯೂಮನ್ನು ತಾನಾಗಿ ಉಂಟುಮಾಡದ ಕಾರಣ ಪ್ರತ್ಯೇಕ ಪಂಪು ಬೇಕು. ಹಲವು ವಾಹನಗಳಲ್ಲಿ ಅದು ಆಲ್ಟರ್ನೇಟರಿಗೆ ಜೋಡಣೆಯಾಗಿರುತ್ತದೆ. ಏರ್ ಬ್ರೇಕಿನ ಭಾರಿ ಲಾರಿಗಳಿಗೆ ಈ ದೋಷ ಅನ್ವಯಿಸದು.

ಲಕ್ಷಣ: ಪೆಡಲ್ ಗಟ್ಟಿಯಾಗುವುದು, ಬುಸ್ಸೆಂಬ ಸದ್ದು. ಟರ್ಬೊ ನಿಯಂತ್ರಣಕ್ಕೂ ಅದೇ ವ್ಯಾಕ್ಯೂಮ್ ಬಳಸುವ ಎಂಜಿನ್ನುಗಳಲ್ಲಿ ಪಿಕಪ್ಪೂ ಇಳಿಯಬಹುದು.

ಪತ್ತೆ: ಎಂಜಿನ್ ನಿಲ್ಲಿಸಿ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಬೇಕು. ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುತ್ತಿದೆ. ಇಳಿಯದಿದ್ದರೆ ಹೋಸು, ಒಮ್ಮುಖ ವಾಲ್ವು, ಪಂಪು, ಬೂಸ್ಟರಿನ ಡಯಾಫ್ರಾಮುಗಳನ್ನು ಗೇಜಿನಿಂದ ಕ್ರಮವಾಗಿ ಪರೀಕ್ಷಿಸಬೇಕು.

ಎಚ್ಚರಿಕೆ: ಬ್ರೇಕ್ ಪದೇಪದೇ ಬೇಕಾಗುವ ಠಾಣೆ ಜಿಲ್ಲೆಯ ಘೋಡ್‌ಬಂದರ್ ಘಾಟಿ, ಮುಂಬ್ರಾ ಬೈಪಾಸಿನ ಇಳಿಜಾರು, ಕಲ್ಯಾಣ–ಶೀಳ್ ರಸ್ತೆಯ ದಟ್ಟಣೆಗಳಲ್ಲಿ ಡೊಂಬಿವಲಿ, ನವಿ ಮುಂಬಯಿಗೆ ಸರಕು ಒಯ್ಯುವ ಚಾಲಕರು ಪೆಡಲ್ ಗಟ್ಟಿಯಾದರೆ ಗಾಡಿ ಮುಂದೆ ಓಡಿಸಬಾರದು.